ಮಾವನವರ ಹನ್ನೆರಡು

ಹೆಣ್ಣು ಕೊಟ್ಟ ಮಾವನವರ ಬಗ್ಗೆ ಹೀಗೆಲ್ಲ ಬರೆಯಬಾರದು. ಆದರೆ ಸತ್ಯವನ್ನು ಎಷ್ಟು ದಿನ ಅಂತ ಹೊಟ್ಟೆಯಲ್ಲಿಟ್ಟುಕೊಂಡು ಕೂರುವುದು? ಹೇಳಿಯೇ ಬಿಡುತ್ತೇನೆ. ನಮ್ಮ ಮಾವನವರಷ್ಟು ಪುಕ್ಕಲು ಮನುಷ್ಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಸೂಚನೆಯೂ ಇಲ್ಲ!

ನೋಡುವುದಕ್ಕೆ ಆರಡಿ ಆಳು. ಹಣೆಗೆ ಮೂರು ಬೆರಳಿನ ವಿಭೂತಿ, ಹೆಗಲಿಗೆ ಬಿಳಿ ಟವೆಲ್ಲು. ಶೇಂಗಾ ಮಂಡಿಯಲ್ಲಿ ಕೂತು ಒಮ್ಮೆ 'ಲೇ' ಅಂದರೆ ರಸ್ತೆಯ ಆಚೆ ಬದಿಯ ಹಮಾಲರೂ ತಿರುಗಿ ನೋಡುತ್ತಿದ್ದರು. ಆದರೆ ಇದೇ ಮನುಷ್ಯ ಬಸ್ಸು ಹತ್ತಿದರೆ? ಡ್ರೈವರಿನ ಬೆನ್ನ ಹಿಂದಿನ ಸೀಟೇ ಆಗಬೇಕು. ಯಾಕೆಂದರೆ ಅಲ್ಲಿ ಕೂತರೆ ಮಾತ್ರ ಕನ್ನಡಿಯಲ್ಲಿ ಡ್ರೈವರಿನ ಬಾಯಿ ಕಾಣುತ್ತದೆ, ಅವನ ಆಕಳಿಕೆಗಳನ್ನು ಎಣಿಸಬಹುದು! ಮೊದಲನೆಯ ಆಕಳಿಕೆಗೆ ಇವರು ನೆಟ್ಟಗೆ ಕೂರುತ್ತಿದ್ದರು. ಎರಡನೆಯದಕ್ಕೆ ತಮ್ಮ ಸಂಚಿ ಬಿಚ್ಚಿ ಡ್ರೈವರಿಗೆ ಎಲೆ ಅಡಿಕೆ ಕೊಡುತ್ತಿದ್ದರು. ಮೂರನೆಯದು ಬಿತ್ತೋ, ಬಸ್ಸು ಎಲ್ಲಿದ್ದರೆ ಅಲ್ಲಿ ಇಳಿದುಬಿಡುವುದು. ಚಳ್ಳಕೆರೆಗೆ ಟಿಕೆಟ್ ತೆಗೆದು ಬಿ.ಜಿ. ಕೆರೆಯಲ್ಲೋ ತಳಕಿನಲ್ಲೋ ಇಳಿದು ನಿಂತ ದಿನಗಳಿಗೆ ಲೆಕ್ಕವಿಲ್ಲ. ಕೊನೆಕೊನೆಗೆ ತಳಕಿನ ಹೋಟೆಲಿನವನು ಇವರು ಇಳಿಯುವುದನ್ನು ಕಂಡ ತಕ್ಷಣ ಟೀ ಸೋಸುತ್ತಾ, "ಏನ್ರೀ ಸಾವ್ಕಾರ್ರೆ, ಇವತ್ತೂ ಮೂರಾಯ್ತಾ?" ಅಂತ ಕೇಳುತ್ತಿದ್ದನಂತೆ.

ಈ ಆಕಳಿಕೆಗಳ ಕಾಟ ತಾಳಲಾರದೆ, ಎರಡು ಸಾವಿರದ ಇಸವಿಯ ಆಚೀಚೆ ಮಾವನವರು ಸೆಕೆಂಡ್‌ಹ್ಯಾಂಡಿನ ಒಂದು ಬಿಳಿ ಕಾರು ಕೊಂಡರು. ತಾವೇ ಓಡಿಸಿದರೆ ಆಕಳಿಸುವ ಪ್ರಶ್ನೆಯೇ ಇಲ್ಲವಲ್ಲ, ಹೆದರಿದವನಿಗೆ ನಿದ್ದೆ ಎಲ್ಲಿಂದ ಬರಬೇಕು! ನಲವತ್ತರ ಮೇಲೆ ಮುಳ್ಳು ಏರದಂತೆ, ಎತ್ತಿನ ಗಾಡಿಗಳಿಗೂ ಹಾರನ್ನು ಹೊಡೆದು ಕ್ಷಮೆ ಕೇಳುವ ಮುಖ ಮಾಡಿಕೊಂಡು ಓಡಿಸುತ್ತಿದ್ದರು. ಎಲ್ಲ ಚೆನ್ನಾಗಿಯೇ ಇತ್ತು, ಒಂದು ದಿನ ಆ ಹಳದಿ ದೀಪ ಹತ್ತಿಕೊಳ್ಳುವವರೆಗೆ.

ಸ್ಟೇರಿಂಗಿನ ಹಿಂದೆ, ಮೀಟರಿನ ಪಕ್ಕದಲ್ಲಿ ಎಂಜಿನ್ನಿನ ಚಿತ್ರವಿರುವ ಒಂದು ಸಣ್ಣ ದೀಪ. ಮಾವನವರ ಕಣ್ಣಿಗೆ ಅದು ನಲ್ಲಿಯ ಹಾಗೆ ಕಂಡಿತು. ಕಾರಿನಲ್ಲಿ ಎಲ್ಲೋ ನೀರು ಸೋರುತ್ತಿದೆ ಅಂದುಕೊಂಡು ಗಾಡಿಯ ಕೆಳಗೆ ನುಗ್ಗಿ ಹುಡುಕಿದರು. ಸಿಗಲಿಲ್ಲ. ಇಪ್ಪತ್ತರ ವೇಗದಲ್ಲಿ ಚಳ್ಳಕೆರೆಗೆ ಹೋಗಿ ಗ್ಯಾರೇಜಿನ ಭಾಯ್ ಮುಂದೆ ನಿಂತರು.

"ಒಳಗೊಂದು ಕಂಪ್ಯೂಟರ್ ಐತೆ ಸಾವ್ಕಾರ್ರೆ," ಅಂದ ಭಾಯ್. "ಎಂಜಿನ್‌ಗೆ ಏನಾದ್ರೂ ತಕಲೀಫ್ ಆದ್ರೆ ಅದು ದೀಪ ಹಚ್ತದೆ. ಏನ್ ತಕಲೀಫ್ ಅಂತ ಓದೋಕೆ ಸ್ಕ್ಯಾನರ್ ಬೇಕು. ಸ್ಕ್ಯಾನರ್ ಬೇಕಂದ್ರೆ ದಾವಣಗೆರೆಗೆ ಹೋಗ್ಬೇಕು."

"ದಾವಣಗೆರೆಗೆ ಹೋಗೋ ದಾರೀಲಿ ನಿಂತುಬಿಟ್ರೆ?"

ಭಾಯ್ ಒಂದು ಗೇಣು ವೈರು ಕತ್ತರಿಸಿ, ಎರಡೂ ತುದಿ ಕೆರೆದು, ಮಾವನವರ ಕೈಗೆ ಕೊಟ್ಟ. ಅವನಿಗೇನು ಗೊತ್ತಿತ್ತು, ಆ ಗೇಣು ವೈರು ಒಂದು ಸಂಸಾರವನ್ನೇ ಕಟ್ಟಿಹಾಕುತ್ತದೆ ಅಂತ!

ಉಪಾಯ ಸರಳವಾದದ್ದು. ಫ್ಯೂಸುಗಳ ಪೆಟ್ಟಿಗೆಯ ಹತ್ತಿರ ತೂತುಗಳಿರುವ ಒಂದು ಸಣ್ಣ ಪ್ಲಗ್ಗು ಇರುತ್ತದೆ. ಅದರ ಎರಡು ತೂತುಗಳಿಗೆ ವೈರಿನ ತುದಿಗಳನ್ನು ಸಿಕ್ಕಿಸಿ, ಎಂಜಿನ್ ಶುರು ಮಾಡದೆ ಬರೀ ಕೀ ತಿರುಗಿಸಬೇಕು. ಆಗ ಹಳದಿ ದೀಪ ಮಿಣುಕತೊಡಗುತ್ತದೆ. ಮೂರು ಸಲ ಮಿಣುಕಿ, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಂತು, ಮತ್ತೆ ಎರಡು ಸಲ ಮಿಣುಕಿದರೆ ಮೂವತ್ತೆರಡು ಎಂದು ಓದಬೇಕು. ಒಂದೊಂದು ಸಂಖ್ಯೆಗೆ ಒಂದೊಂದು ರೋಗ. ಒಂದು ಸಲ ಮಿಣುಕಿ, ನಿಂತು, ಎರಡು ಸಲ ಮಿಣುಕಿದರೆ ಹನ್ನೆರಡು. ಹನ್ನೆರಡು ಅಂದರೆ ಏನೂ ತೊಂದರೆ ಇಲ್ಲ, ಹೊರಡಬಹುದು.

ಭಾಯ್ ಹೇಳಿದ ರೋಗಗಳ ಪಟ್ಟಿಯನ್ನು ಮಾವನವರು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬರೆದದ್ದು ಭಾಯ್ ಮಾತಿನಲ್ಲಲ್ಲ, ತಮ್ಮ ಮಾತಿನಲ್ಲಿ. ಹದಿನಾಲ್ಕರ ಮುಂದೆ 'ಕಾವು ಹೇಳುವುದು ಕೆಟ್ಟಿದೆ, ನೆರಳಿಗೆ ನಿಲ್ಲಿಸು' ಎಂದಿತ್ತು. ಇಪ್ಪತ್ನಾಲ್ಕರ ಮುಂದೆ 'ವೇಗದ ಮುಳ್ಳು ಸುಳ್ಳು ಹೇಳುತ್ತದೆ, ನಂಬಬೇಡ'. ಮೂವತ್ತೆರಡರ ಮುಂದೆ, ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಅನ್ನುವುದೇ ಕಂಪ್ಯೂಟರಿಗೆ ತಿಳಿಯದೆ ಗಾಡಿ ಎಲ್ಲೆಂದರಲ್ಲಿ ನಿಲ್ಲಬಹುದು ಎಂದು ಭಾಯ್ ವಿವರವಾಗಿ ಹೇಳಿದ್ದನಂತೆ. ಮಾವನವರು ಅಷ್ಟನ್ನೂ ಎರಡೇ ಪದಗಳಿಗೆ ಇಳಿಸಿ, ಕೆಳಗೆ ಎರಡು ಗೆರೆ ಎಳೆದಿದ್ದರು: 'ಊರು ಬಿಡಬಾರದು.'

ಅಲ್ಲಿಂದ ಶುರುವಾಯಿತು ನೋಡಿ. ದೀಪ ಹತ್ತಲಿ ಬಿಡಲಿ, ಮನೆಯಿಂದ ಎಲ್ಲಿಗೆ ಹೊರಡುವುದಿದ್ದರೂ ವೈರು ಸಿಕ್ಕಿಸಿ ಹನ್ನೆರಡು ಬಂತೋ ಇಲ್ಲವೋ ನೋಡಬೇಕು. ಅದೂ ಒಂದು ಸಲ ಬಂದರೆ ಸಾಲದು, ಮೂರು ಸಲ ಬರಬೇಕು. ನಮ್ಮ ಅತ್ತೆಯವರು ರಾಯದುರ್ಗದ ಕಡೆಯವರು, ಸಿಟ್ಟು ಬಂದರೆ ತೆಲುಗು ಬೆರೆಯುತ್ತದೆ. ರೇಷ್ಮೆ ಸೀರೆ ಉಟ್ಟು, ಹೂವು ಮುಡಿದು, ಹಿಂದಿನ ಸೀಟಿನಲ್ಲಿ ಬೆವರುತ್ತಾ, "ಇಂಕ ಚಾಲು ರೀ, ಸಾಕು ಮಾಡ್ರಿ! ಅಲ್ಲಿ ಹುಡುಗಿಗೆ ತಾಳಿ ಕಟ್ಟಿ ಮುಗಿದಿರ್ತೈತೆ!" ಅಂತ ಕೂಗುತ್ತಿದ್ದರು. ದೊಡ್ಡಉಳ್ಳಾರ್ತಿಯ ಒಂದು ಮದುವೆಗೆ ಇವರು ತಲುಪಿದಾಗ ತಾಳಿ ಮಾತ್ರವಲ್ಲ, ಎರಡನೇ ಪಂಕ್ತಿಯ ಊಟವೂ ಮುಗಿದಿತ್ತಂತೆ. ದಾರಿಯಲ್ಲಿ ಕಾವಲಿನ ಹುಲ್ಲುಗಾವಲಿನ ಪಕ್ಕ ಮೇಯುತ್ತಿದ್ದ ಅಮೃತಮಹಲ್ ಹಸುವೊಂದು ರಸ್ತೆಗೆ ಬಂದು ಕಾರಿನ ಬಾನೆಟ್ಟನ್ನು ಮೂಸಿ ನೋಡಿತು ಎಂಬ ಕಾರಣಕ್ಕೆ ಮಾವನವರು ಮತ್ತೊಮ್ಮೆ ವೈರು ಸಿಕ್ಕಿಸಿ ನೋಡಿದ್ದರು!

ಇನ್ನು ಅವರ ಎಣಿಕೆಯ ವಿಷಯ. ಮಂಡಿಯವರು ಚೀಲವಾಗಲಿ ಸೇರಾಗಲಿ ಎಣಿಸುವಾಗ 'ಒಂದು' ಅನ್ನುವುದಿಲ್ಲ. ಶುಭವಾಗಲಿ ಅಂತ ಮೊದಲನೆಯದಕ್ಕೆ 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು ಅಂತ ಸಾಗುತ್ತದೆ ಲೆಕ್ಕ. ನಲವತ್ತು ವರ್ಷದ ನಾಲಿಗೆ ದೀಪದ ಮುಂದೆ ಮಾತ್ರ ಬದಲಾಗುತ್ತದೆಯೇ? ಹೀಗಾಗಿ ಮಾವನವರ ಬಾಯಲ್ಲಿ ಹನ್ನೆರಡು ಹೊರಡುತ್ತಿದ್ದದ್ದು ಹೀಗೆ: "ಲಾಭ... ಲಾಭ, ಎರಡು." ಅದನ್ನು ಮೂರು ಸಲ ರಾಗವಾಗಿ ಹೇಳಿ, ವೈರು ಕಿತ್ತು ಜೇಬಿಗೆ ಹಾಕಿ, "ಏನೂ ಇಲ್ಲ, ಹೋಗಾಣ" ಅಂದರೆ ಮನೆಯವರಿಗೆಲ್ಲ ಉಸಿರು ಬರುತ್ತಿತ್ತು.

ನನ್ನ ಹೆಂಡತಿ ಶೈಲಾ ಮಾವನವರಿಗೆ ಒಬ್ಬಳೇ ಮಗಳು. ಅವಳು ಎಣಿಕೆ ಕಲಿತದ್ದೇ ಮಂಡಿಯಲ್ಲಿ, ಅಪ್ಪನ ಪಕ್ಕ ಶೇಂಗಾ ಚೀಲದ ಮೇಲೆ ಕೂತು. ಒಂದನೇ ಕ್ಲಾಸಿನಲ್ಲಿ ಟೀಚರು ಎಣಿಸು ಅಂದಾಗ "ಲಾಭ, ಎರಡು, ಮೂರು" ಅಂದು ಬೈಸಿಕೊಂಡಿದ್ದಳಂತೆ. ಕಾರು ಬಂದ ಮೇಲೆ ದೀಪದ ನೋಟ್‌ಬುಕ್ ಹಿಡಿಯುವ ಕೆಲಸವೂ ಅವಳದೇ. ಮದುವೆಯಾದ ಮೇಲೆ ಆ ಹುದ್ದೆ ಅಳಿಯನಾದ ನನಗೆ ಬಂತು. ನಾನು ಮೇಷ್ಟ್ರ ಮನೆಯ ಹುಡುಗ, ಚಳ್ಳಕೆರೆಯ ಹೈಸ್ಕೂಲಿನಲ್ಲಿ ನಾನೂ ಮೇಷ್ಟ್ರೇ. ಮಂಡಿಯ ಮೆಟ್ಟಿಲು ಹತ್ತಿದವನಲ್ಲ. ಮೊದಲ ದಿನ ಮಾವನವರು "ಲಾಭ... ಲಾಭ, ಎರಡು" ಅಂದಾಗ, ಲಾಭ ಎನ್ನುವುದು ದೇವರ ಸ್ಮರಣೆ ಇರಬೇಕು ಅಂದುಕೊಂಡು ಅದನ್ನು ಬಿಟ್ಟು, ಭಕ್ತಿಯಿಂದ ಬರೀ '೨' ಎಂದು ಬರೆದೆ. ಸಂಜೆ ನೋಟ್‌ಬುಕ್ ತೆರೆದ ಮಾವನವರು ಆ ಎರಡನ್ನು ಕಂಡು ಬಿಳಿಚಿಕೊಂಡರು. ಪಟ್ಟಿಯಲ್ಲಿ ಎರಡು ಎಂಬ ರೋಗವೇ ಇಲ್ಲ! ಹೆಸರೇ ಇಲ್ಲದ ರೋಗ ಅಂದರೆ ಅದೆಷ್ಟು ದೊಡ್ಡದಿರಬೇಕು? ಭಾಯ್‌ಗೆ ಫೋನು ಹೋಯಿತು. ಕೊನೆಗೆ ಶೈಲಾ ಬಂದು ವಿಚಾರಿಸಿ, ನನ್ನ ತಲೆಯ ಕಡೆ ನೋಡಿ, "ಅಪ್ಪಾ, ಗಾಡಿ ಸರಿ ಐತೆ, ಇವರದ್ದೇ ತಕರಾರು" ಅಂದಳು.

ಆಮೇಲೆ ನಾನೂ ಕಲಿತೆ, ಬಿಡಿ. ಎಷ್ಟು ಕಲಿತೆ ಅಂದರೆ ಯಾವ ದೀಪ ಮಿಣುಕಿದರೂ ಮನಸ್ಸು ತಾನಾಗಿ ಎಣಿಸುತ್ತಿತ್ತು.

ಸಿದ್ದಾಪುರದ ಕತೆ ಒಂದನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ಬಂಡೆಗಳ ನಡುವಿನ ದಾರಿಯಲ್ಲಿ ನಾವಿಬ್ಬರೂ ಬರುವಾಗ ಮಾವನವರಿಗೆ ಎಂಜಿನ್ನಿನ ದನಿಯಲ್ಲಿ ಏನೋ ಅನುಮಾನ ಬಂತು. ಬೇವಿನ ಮರದ ಕೆಳಗೆ ನಿಲ್ಲಿಸಿ ವೈರು ಸಿಕ್ಕಿಸಿದರು. "ಲಾಭ... ಲಾಭ, ಎರಡು. ಲಾಭ... ಲಾಭ, ಎರಡು." ಕಿಟಕಿಗಳೆಲ್ಲ ತೆರೆದಿದ್ದವು, ಮಂಡಿಯ ಗಂಟಲು ಬೇರೆ. ಐದು ನಿಮಿಷದಲ್ಲಿ ಒಬ್ಬ ಅಜ್ಜಿ ತಲೆಯ ಮೇಲೆ ಶೇಂಗಾ ಮೂಟೆ ಹೊತ್ತುಕೊಂಡು ಪ್ರತ್ಯಕ್ಷ! ಯಾರೋ ವ್ಯಾಪಾರಿ ಮರದಡಿ ಕೂತು ಅಳೆದುಕೊಳ್ಳುತ್ತಿದ್ದಾನೆ ಎಂದು ಓಡಿ ಬಂದಿದ್ದಳು. ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡಳು. ಆಮೇಲೆ ಮೂಟೆಯನ್ನು ಧೊಪ್ಪನೆ ಇಳಿಸಿ ಸೊಂಟಕ್ಕೆ ಕೈಯಿಟ್ಟಳು.

"ಏನಯ್ಯಾ ಸಾವ್ಕಾರ, ನಾನೂ ಆಗಿಂದ ಕೇಳ್ತಾ ಇದೀನಿ. ಎರಡು ಅಂತೀಯ, ತಿರುಗಾ ಲಾಭಕ್ಕೆ ಬರ್ತೀಯ! ಮೂರು ಅನ್ನಾದು ನಿನ್ನ ಬಾಯಾಗೆ ಬರಾದೇ ಇಲ್ವಾ? ಇದ್ಯಾವ ಸೀಮೆ ಅಳತೆ? ಬಡವರ ತಲೆ ಒಡಿಯಾಕೆ ಕಾರು ಬೇರೆ ತಗಂಡು ಬಂದಿದೀಯ!"

ನಲವತ್ತು ವರ್ಷ ಮಂಡಿಯಲ್ಲಿ ಯಾರಿಂದಲೂ ಅಳತೆಯ ಬಗ್ಗೆ ಒಂದು ಮಾತು ಕೇಳದ ಮಾವನವರು ತತ್ತರಿಸಿಹೋದರು. ದೀಪ, ಕಂಪ್ಯೂಟರು, ಹನ್ನೆರಡು ಎಂದೆಲ್ಲ ವಿವರಿಸಲು ಹೋದರು. ಅಜ್ಜಿ ಕೇಳಬೇಕಲ್ಲ! ಕೊನೆಗೆ ಮಾನ ಉಳಿಸಿಕೊಳ್ಳಲು ಆ ಮೂಟೆಯನ್ನು ಅವಳು ಹೇಳಿದ ದರಕ್ಕೇ ಕೊಂಡರು. ಅದನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ಬಂದೆವು.

ನಗುತ್ತಿದ್ದೀರಿ. ನಾನೂ ನಗುತ್ತಿದ್ದೆ, ಶೈಲಾ ಬಸುರಿಯಾಗಿ ಹೆರಿಗೆಗೆಂದು ತವರಿಗೆ ಹೋಗುವವರೆಗೆ.

ಚಳ್ಳಕೆರೆಯ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದ್ದರು. ಮಗು ಅಡ್ಡ ಇದೆ, ಆಪರೇಷನ್ ಬೇಕಾಗಬಹುದು, ಒಂದು ವಾರ ಮುಂಚೆಯೇ ಬಂದು ಇಲ್ಲೇ ಇರಿ, ಅದಕ್ಕೂ ಮೊದಲು ನೋವು ಬಂದರೆ ಒಂದು ಗಳಿಗೆಯೂ ತಡಮಾಡದೆ ಕರೆತನ್ನಿ. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಹತ್ತಿರ ಹತ್ತಿರ ಐವತ್ತು ಕಿಲೋಮೀಟರು. ನನಗೆ ಆ ರಸ್ತೆ ಕನಸಿನಲ್ಲಿಯೂ ಬರತೊಡಗಿತು. ಕನಸಿನ ರಸ್ತೆಯಲ್ಲಿ ಮಾವನವರು ಪ್ರತಿ ಮರದ ಕೆಳಗೂ ಕಾರು ನಿಲ್ಲಿಸಿ ವೈರು ತೆಗೆಯುತ್ತಿದ್ದರು.

ನೋವು ಬಂದದ್ದು ಹೇಳಿದ ದಿನಕ್ಕಿಂತ ಎರಡು ವಾರ ಮೊದಲು, ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ. ಪುಣ್ಯಕ್ಕೆ ನಾನು ಅಲ್ಲೇ ಇದ್ದೆ. ರಾಯದುರ್ಗದಲ್ಲಿ ದೊಡ್ಡ ಮದುವೆಯೊಂದಿತ್ತು, ಊರಿನ ಬಾಡಿಗೆ ಕಾರು ಜೀಪುಗಳೆಲ್ಲ ಅಲ್ಲಿಗೆ ಹೋಗಿದ್ದವು. ಬಸ್ಸು ಆಗಷ್ಟೇ ಹೋಗಿತ್ತು, ಮುಂದಿನದಕ್ಕೆ ಒಂದು ತಾಸು. ಉಳಿದದ್ದು ಬಿಳಿ ಕಾರು ಒಂದೇ.

ಅತ್ತೆಯವರು ಶೈಲಾಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ತಾವೂ ಹತ್ತಿದರು. ಅವಳಿಗೆ ಒರಗಿ ಕೂರಲು ಆಗುತ್ತಿರಲಿಲ್ಲ. ಮುಂದಿನ ಎರಡು ಸೀಟುಗಳನ್ನು ಎರಡು ಕೈಗಳಿಂದ ಹಿಡಿದು, ನಡುವೆ ಮುಖವಿಟ್ಟು ಹಲ್ಲು ಕಚ್ಚಿಕೊಂಡಿದ್ದಳು. ನಾನು ಮಾವನವರ ಪಕ್ಕದಲ್ಲಿ ಕೂತೆ. ಅವರು ಕೀ ತಿರುಗಿಸಿ ಎಂಜಿನ್ ಶುರು ಮಾಡಿದರು. ಹಳದಿ ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ.

ಮಾವನವರು ಎಂಜಿನ್ ಆರಿಸಿದರು. ಅವರ ಕೈ ಜೇಬಿಗೆ ಹೋಯಿತು.

"ಇವತ್ತಾದ್ರೂ ಬ್ಯಾಡ ರೀ! ನಿಮ್ಮ ಕಾಲಿಗೆ ಬೀಳ್ತೀನಿ!" ಅತ್ತೆಯವರು ಚೀರಿದರು.

"ಒಂದು ನಿಮಿಷ ಕಣೇ," ಅಂದರು ಮಾವನವರು.

ವೈರು ತೂತಿಗೆ ಹೋಗಲಿಲ್ಲ. ಕೈ ಅಷ್ಟು ನಡುಗುತ್ತಿತ್ತು. ನಾನೇ ಬಗ್ಗಿ ಸಿಕ್ಕಿಸಿದೆ. ಕೀ ತಿರುಗಿತು, ದೀಪ ಮಿಣುಕತೊಡಗಿತು. ನಾನು ಮನಸ್ಸಿನಲ್ಲಿಯೇ ಎಣಿಸಿದೆ. ಲಾಭ, ಎರಡು, ಮೂರು. ನಿಂತಿತು. ಲಾಭ, ಎರಡು.

ಮೂವತ್ತೆರಡು. ಊರು ಬಿಡಬಾರದು!

ಮುಗಿಯಿತು, ಇನ್ನು ಈ ಮನುಷ್ಯ ಕೆಳಗಿಳಿಯುತ್ತಾರೆ, ಬಾನೆಟ್ ಎತ್ತುತ್ತಾರೆ, ಭಾಯ್‌ಗೆ ಫೋನು ಮಾಡುತ್ತಾರೆ, ಅಷ್ಟರಲ್ಲಿ ಇಲ್ಲಿ ಏನು ಬೇಕಾದರೂ ಆಗಬಹುದು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಪಕ್ಕದಿಂದ ಆ ಹಳೆಯ ರಾಗ ಕೇಳಿಸಿತು.

"ಲಾಭ... ಲಾಭ, ಎರಡು. ಏನೂ ಇಲ್ಲ, ಹೋಗಾಣ."

ನಾನು ತಿರುಗಿ ನೋಡಿದೆ. ವಯಸ್ಸಾದವರು, ಗಾಬರಿಯಲ್ಲಿ ಎಣಿಕೆ ತಪ್ಪಿದ್ದಾರೆ. ಹೇಳಲೇ? ಹೇಳಿದರೆ ಇಳಿದುಬಿಡುತ್ತಾರೆ. ಹೇಳದಿದ್ದರೆ, ದಾರಿಯಲ್ಲಿ ನಿಂತುಬಿಟ್ಟರೆ? ನನ್ನ ಹೆಂಡತಿ, ನನ್ನ ಮಗು, ಆ ಬಟ್ಟಬಯಲು ರಸ್ತೆ! ಬಾಯಿ ತೆರೆದೆ, ಮುಚ್ಚಿದೆ. ಅಷ್ಟರಲ್ಲಿ ಕಾರು ಹೊರಟಾಗಿತ್ತು.

ಆ ದಿನ ಮುಳ್ಳು ನಲವತ್ತರ ಹತ್ತಿರ ನಿಲ್ಲಲಿಲ್ಲ. ಅರವತ್ತಕ್ಕೆ ಹೋಯಿತು, ಅದರ ಮೇಲೂ ಹೋಯಿತು. ನಡುನಡುವೆ ಎಂಜಿನ್ ಬಿಕ್ಕುತ್ತಿತ್ತು. ಒಂದೊಂದು ಬಿಕ್ಕಿಗೂ ನನ್ನ ಕಣ್ಣು ಹಳದಿ ದೀಪಕ್ಕೆ ಹೋಗುತ್ತಿತ್ತು. ಮಾವನವರು ಮಾತ್ರ ಒಂದು ಸಲವೂ ಆ ದೀಪದ ಕಡೆ ನೋಡಲಿಲ್ಲ. ಬಿ.ಜಿ. ಕೆರೆಯ ರಸ್ತೆ ಉಬ್ಬಿನ ಮೇಲೆ ಕಾರು ಒಮ್ಮೆ ನಡುಗಿ ನಿಂತೇಹೋಯಿತು. ಹಿಂದಿನಿಂದ ಶೈಲಾ ನರಳಿದಳು. ಮಾವನವರು ಕೀ ತಿರುಗಿಸಿದರು, ಹತ್ತಲಿಲ್ಲ. ಮತ್ತೆ ತಿರುಗಿಸಿದರು, ಹತ್ತಲಿಲ್ಲ. "ಬಸವಣ್ಣಾ, ನಡಿಯಪ್ಪಾ," ಅಂದರು ಬಹಳ ಮೆಲ್ಲಗೆ, ಎತ್ತಿಗೆ ಹೇಳುವ ಹಾಗೆ. ಮೂರನೆಯ ಸಲಕ್ಕೆ ಹತ್ತಿತು. ತಳಕಿನ ಹೋಟೆಲಿನ ಮುಂದೆ ಹಾದುಹೋಗುವಾಗ, ಟೀ ಸೋಸುತ್ತಿದ್ದವನು ಈ ಕಾರು ಇಷ್ಟು ವೇಗವಾಗಿ ಹೋಗುವುದನ್ನು ಕಂಡು ಪಾತ್ರೆ ಹಿಡಿದುಕೊಂಡೇ ರಸ್ತೆಗೆ ಬಂದು ನಿಂತಿದ್ದ.

ಆಸ್ಪತ್ರೆಯ ಅಂಗಳಕ್ಕೆ ಬಂದು, ಶೈಲಾಳನ್ನು ಇಳಿಸಿಕೊಳ್ಳುವಷ್ಟರಲ್ಲಿ ಎಂಜಿನ್ ತಾನಾಗಿಯೇ ಆರಿಹೋಯಿತು. ಆಮೇಲೆ ಅದನ್ನು ಶುರು ಮಾಡಲು ಭಾಯ್ ಬರಬೇಕಾಯಿತು.

ಮುಕ್ಕಾಲು ಗಂಟೆಯಲ್ಲಿ ಆಪರೇಷನ್ ಮುಗಿಯಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಇನ್ನೊಂದು ಅರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರು. ಅತ್ತೆಯವರು ಕಣ್ಣೊರೆಸಿಕೊಂಡು, "ದ್ಯಾವ್ರು ದೊಡ್ಡೋನು. ಇವತ್ತೊಂದು ದಿನ ಗಾಡಿ ಸರಿ ಇತ್ತು ನೋಡ್ರಿ" ಅಂದರು.

ಮಾವನವರು ಅಲ್ಲಿರಲಿಲ್ಲ. ಹುಡುಕಿಕೊಂಡು ಹೊರಗೆ ಬಂದೆ. ಕಾರಿನ ಬಾಗಿಲು ತೆರೆದು, ಕಾಲು ಹೊರಗಿಟ್ಟು, ಸೀಟಿನಲ್ಲಿಯೇ ಕೂತಿದ್ದರು. ವೈರು ಇನ್ನೂ ಅಂಗೈಯಲ್ಲಿತ್ತು. ದಾರಿಯುದ್ದಕ್ಕೂ ಸ್ಟೇರಿಂಗಿನ ಜೊತೆ ಅದನ್ನೂ ಒತ್ತಿ ಹಿಡಿದಿದ್ದರೆಂದು ಕಾಣುತ್ತದೆ, ಅಂಗೈಯಲ್ಲಿ ಕೆಂಪಗೆ ಗೆರೆ ಮೂಡಿತ್ತು.

"ಶೈಲಿ?" ಅಂದರು.

"ಚೆನ್ನಾಗಿದ್ದಾಳೆ ಮಾವ. ಹೆಣ್ಣು ಮಗು."

ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನಗೆ ಆಗುವುದಿಲ್ಲವಲ್ಲ, ಮೊದಲೇ ಹೇಳಿದೆ. "ಮಾವ, ಬೆಳಗ್ಗೆ ಬಂದದ್ದು ಹನ್ನೆರಡಲ್ಲ. ಮೂವತ್ತೆರಡು. ನೀವು ಗಾಬರಿಯಲ್ಲಿ ತಪ್ಪು ಎಣಿಸಿದ್ರಿ" ಅಂದೆ.

ಟವೆಲ್ಲು ಇಳಿಸಿ ನನ್ನನ್ನು ನೋಡಿದರು. "ನಾನು ಎಣಿಕೆ ತಪ್ತೀನಾ ಅಳಿಯಂದ್ರೆ?"

ಅವರು ವೈರನ್ನು ಬೆರಳಿಗೆ ಸುತ್ತತೊಡಗಿದರು.

"ನಾನೊಬ್ನೇ ಇದ್ದಿದ್ರೆ ಇಳಿದುಬಿಡ್ತಿದ್ದೆ. ಬಾಳ ಹೆದರ್ಕೊಂಡಿದ್ದೆ. ಆದ್ರೆ ಹಿಂದಿನ ಸೀಟ್ನಾಗೆ ನನ್ನ ಕೂಸು ನೋವು ತಿಂತಾ ನನ್ನ ಬಾಯಿನೇ ನೋಡ್ತಿತ್ತು. ಅದಕ್ಕೆ ಆವಾಗ ಹನ್ನೆರಡು ಬೇಕಾಗಿತ್ತು, ಕೊಟ್ಟೆ." ವೈರು ಜೇಬಿಗೆ ಹಾಕಿ ಮತ್ತೆ ಅಂದರು, "ಶೈಲಿಗೆ ಹೇಳಬ್ಯಾಡ್ರಿ. ಹಸಿ ಬಾಣಂತಿ, ಹೆದರ್ತಾಳೆ."

ಮೂರು ಆಕಳಿಕೆಗೆ ಬಸ್ಸು ಇಳಿಯುತ್ತಿದ್ದ ಮನುಷ್ಯ, ಐವತ್ತು ಕಿಲೋಮೀಟರಿನ ಭಯವನ್ನು ಒಬ್ಬರೇ ನುಂಗಿಕೊಂಡು ಬಂದಿದ್ದರು. ಅವರ ಕೈ ಹಿಡಿದುಕೊಂಡೆ. ನನಗೆ ಅಳು ತಡೆಯಲಾಗಲಿಲ್ಲ. ಆಗಲಿ, ಹೇಳುವುದಿಲ್ಲ ಅಂದೆ.

ಮಾರನೆಯ ದಿನ ಶೈಲಾಳ ಪಕ್ಕದಲ್ಲಿ ಕೂತಿದ್ದೆ. ಮಗು ಮಲಗಿತ್ತು. ಕಿಟಕಿಯಾಚೆ ಅಂಗಳದಲ್ಲಿ ಭಾಯ್ ಕಾರಿನ ಬಾನೆಟ್ ಎತ್ತಿ ಬಗ್ಗಿದ್ದ, ಮಾವನವರು ಅವನ ಬೆನ್ನ ಹಿಂದೆಯೇ ನಿಂತು ಅವನು ಮುಟ್ಟಿದ್ದನ್ನೆಲ್ಲ ಎಣಿಸುತ್ತಿದ್ದರು. ಶೈಲಾ ಅದನ್ನೇ ನೋಡುತ್ತಾ ಮಲಗಿದ್ದಳು.

"ನಿನ್ನೆ ಮೂವತ್ತೆರಡು ಬಂದಿತ್ತು," ಅಂದಳು, ಮಗುವಿನ ತಲೆ ಸವರುತ್ತಾ. "ನಾನೂ ಎಣಿಸ್ದೆ. ಅಪ್ಪ ಹನ್ನೆರಡು ಅಂದ್ರು. ಅಪ್ಪನೇ ನನಗೋಸ್ಕರ ಸುಳ್ಳು ಹೇಳಿ ಗಾಡಿ ಹೊರಡಿಸಿದಾರೆ ಅಂದ್ರೆ ನಾನು ಬದುಕ್ತೀನಿ ಅಂತ ಅನ್ನಿಸ್ತು ಕಣ್ರೀ."

ಅವಳು ನನ್ನ ಕಡೆ ತಿರುಗಿದಳು. "ನನಗೆ ಗೊತ್ತಿತ್ತು ಅಂತ ಅಪ್ಪಂಗೆ ಹೇಳಬ್ಯಾಡಿ. ಮೊದಲೇ ಪುಕ್ಕಲು, ಹೆದರ್ತಾರೆ."

ಆಗಲಿ, ಹೇಳುವುದಿಲ್ಲ ಅಂದೆ.